ಎಲ್ಲಮ್ಮನ ಗುಡ್ಡದ ದವಾಖಾನೆಯಲ್ಲಿ ನಾಲ್ಕು ದಿನ

ನಮ್ಮ ತಿಪಟೂರಿನ ಕಡೆಯವರಿಗೆ ಸವದತ್ತಿ ಎಂದರೆ ಎಲ್ಲಮ್ಮ, ಅಷ್ಟೆ. ಅದರಾಚೆ ಆ ಸೀಮೆಯ ವಿಷಯ ತಿಳಿದಿರುವುದು ಅಷ್ಟಕ್ಕಷ್ಟೆ. ನನ್ನ ತಂಗಿಯನ್ನು ಬೈಲಹೊಂಗಲಕ್ಕೆ ಕೊಟ್ಟು ಹನ್ನೆರಡು ವರ್ಷವಾದರೂ ನಾನು ಅಲ್ಲಿಗೆ ಹೋಗಿದ್ದು ಎರಡೇ ಸಲ. ಒಮ್ಮೆ ಸೀಮಂತಕ್ಕೆ, ಇನ್ನೊಮ್ಮೆ ಗೃಹಪ್ರವೇಶಕ್ಕೆ. ಶುಭಕಾರ್ಯಕ್ಕೆಂದು ಹೋದ ಹೆಂಗಸರು ಊರು ನೋಡುವುದುಂಟೇ? ಅಡಿಗೆಮನೆ, ಹಿತ್ತಲು, ಮತ್ತೆ ಬಸ್ ಸ್ಟ್ಯಾಂಡು. ಇಷ್ಟೇ ನಾನು ಕಂಡ ಬೈಲಹೊಂಗಲ.

ಹೋದ ಭಾರತ ಹುಣ್ಣಿಮೆಗೆ ಮುಂಚೆ ತಂಗಿಯ ಫೋನು ಬಂತು. "ಅಕ್ಕಾ, ಎಲ್ಲಮ್ಮನ ಜಾತ್ರೇಲಿ ನಾವು ಕೆಲವರು ಸೇರಿ ಪುಕ್ಕಟೆ ದವಾಖಾನೆ ನಡೆಸ್ತಿದೀವಿ. ಡಾಕ್ಟರು, ನರ್ಸು ಎಲ್ಲಾ ಒಪ್ಪಿದಾರೆ. ಕೈಕೆಲಸಕ್ಕೆ ಜನ ಸಾಲದು. ನಾಲ್ಕು ದಿನ ಬಂದುಬಿಡೇ" ಅಂದಳು. "ನೀನು ಹೋಗಿ ಏನು ಮಾಡ್ತೀಯ, ಆಪರೇಷನ್ನೇ?" ಎಂದು ನಮ್ಮ ಮನೆಯವರು ನಕ್ಕರು. ಮಕ್ಕಳನ್ನು ಸಾಕಿದವಳಿಗೆ ಜ್ವರ ನೋಡಲು, ಗಾಯ ತೊಳೆಯಲು, ಬೇಡವೆನ್ನುವವರ ಬಾಯಿಗೆ ಔಷಧಿ ಹಾಕಲು ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಉತ್ತರ ಕೊಟ್ಟು, ನಾಲ್ಕು ದಿನಕ್ಕಾಗುವಷ್ಟು ಸಾರಿನ ಪುಡಿ, ಚಟ್ನಿಪುಡಿ ಮಾಡಿಟ್ಟು ಹೊರಟೆ. ಬರಿಗೈಲಿ ಹೋಗುವುದು ಹೇಗೆ? ಐದು ಕೊಬ್ಬರಿ ಗಿಟುಕು, ಗಾಣದಲ್ಲಿ ಆಡಿಸಿದ ಎರಡು ಲೀಟರ್ ಕೊಬ್ಬರಿ ಎಣ್ಣೆ ಚೀಲಕ್ಕೆ ಸೇರಿದವು. ಆ ಎಣ್ಣೆಯ ವಿಷಯ ಮುಂದೆ ಬರುತ್ತದೆ.

ಧಾರವಾಡದವರೆಗೆ ರೈಲು, ಅಲ್ಲಿಂದ ಬಸ್ಸು. ಕೈಯಲ್ಲಿ ಆಧಾರ್ ಕಾರ್ಡು ಹಿಡಿದರೆ ಸಾಕು, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಡುತ್ತಾರೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಬಂದ ಈ ಸವಲತ್ತಿನಿಂದ ಎಲ್ಲಮ್ಮನಿಗೆ ಎಷ್ಟು ಜನ ಹೊಸ ಭಕ್ತರು ಸಿಕ್ಕಿದ್ದಾರೋ ಆಕೆಯೇ ಲೆಕ್ಕ ಹೇಳಬೇಕು! ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ಗಂಡನ ಹಂಗಿಲ್ಲದೆ ಮಾಡಿದ ಮೊದಲ ಪ್ರಯಾಣವಂತೆ ಅದು. ಕಿಟಕಿಯ ಪಕ್ಕದ ಸೀಟನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ದಾರಿಯ ಎರಡೂ ಕಡೆ ಕರಿ ಮಣ್ಣು. ನಮ್ಮ ಕಡೆಯಂತೆ ತೆಂಗಿನ ಮರ ಕಣ್ಣಿಗೆ ಅಡ್ಡ ಬರುವುದಿಲ್ಲ. ನೋಡಿದಷ್ಟು ದೂರ ಬಿಳಿಜೋಳ, ಕಡಲೆ, ನಡುನಡುವೆ ಹತ್ತಿ, ಕಬ್ಬು. ಬೈಲಹೊಂಗಲ ಹಳೆಯ ಹತ್ತಿಪೇಟೆ.

ಆ ಊರಿನಲ್ಲಿ ನಾನು ಮೊದಲು ಹೋಗಿದ್ದು ಕಿತ್ತೂರು ಚೆನ್ನಮ್ಮನ ಸಮಾಧಿಗೆ. ಚೆನ್ನಮ್ಮ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಕುದುರೆ ಮತ್ತು ಕತ್ತಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತು ಬಿದ್ದ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಅವನಿಗೆ ಗುಂಡು ಹೊಡೆದವನೆನ್ನುವ ಬಾಳಪ್ಪನ ಅಮಟೂರು ಇಲ್ಲಿಗೆ ಹತ್ತಿರವೇ. ಆದರೆ ಆಮೇಲಿನ ಕಥೆ? ಡಿಸೆಂಬರ್‌ನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು, ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಆಕೆ ಇಲ್ಲಿಯೇ ತೀರಿಕೊಂಡಳು. ಯುದ್ಧ ನಡೆದದ್ದು ಕೆಲವು ದಿನ, ಸೆರೆ ನಾಲ್ಕು ವರ್ಷಕ್ಕೂ ಹೆಚ್ಚು. ಗಂಡ ಮಲ್ಲಸರ್ಜ ಹೋಗಿದ್ದ, ಮಗ ಹೋಗಿದ್ದ, ದತ್ತು ತೆಗೆದುಕೊಂಡ ಹುಡುಗನನ್ನು ಸರ್ಕಾರ ಒಪ್ಪಿರಲಿಲ್ಲ. ಆ ನಾಲ್ಕು ವರ್ಷ ಹೇಗೆ ಬೆಳಗಾಯಿತೋ, ಹೇಗೆ ಕತ್ತಲಾಯಿತೋ. ನಾಟಕ, ಸಿನಿಮಾದವರು ಯುದ್ಧವನ್ನೇ ತೋರಿಸುತ್ತಾರೆ. ನನಗೇನೋ ಸಮಾಧಿಯ ಮುಂದೆ ನಿಂತಾಗ ಆ ಸೆರೆಯ ದಿನಗಳೇ ಮನಸ್ಸಿಗೆ ಬಂದವು.

ಗುಡ್ಡ

ಬೈಲಹೊಂಗಲದಿಂದ ಸವದತ್ತಿಗೆ ಸುಮಾರು ನಲವತ್ತು ಕಿಲೋಮೀಟರು. ಊರು ದಾಟಿ ಇನ್ನೂ ಸ್ವಲ್ಪ ಹೋದರೆ ಎಲ್ಲಮ್ಮನ ಗುಡ್ಡ. ಬಸ್ಸು ಸವದತ್ತಿ ಮುಟ್ಟುವ ಮೊದಲೇ ರಸ್ತೆಯ ತುಂಬ ಚಕ್ಕಡಿಗಳು. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಚಕ್ಕಡಿಯೊಳಗೆ ಅಡಿಗೆಯ ಪಾತ್ರೆ, ಸೌದೆ, ಕೂಸು, ಮುದುಕಿ. ಒಂದು ಸಂಸಾರವೇ ಉರುಳಿಕೊಂಡು ಹೋಗುತ್ತಿರುತ್ತದೆ. ನಾಲ್ಕೈದು ದಿನದ ದಾರಿ ಸವೆಸಿ ಬಂದವರೂ ಇದ್ದರು. ಹೆಚ್ಚಿನವರು ಜೋಗುಳಬಾವಿಯಲ್ಲಿ ಸ್ನಾನ ಮಾಡಿ, ಸತ್ತೆಮ್ಮನಿಗೆ ಕೈಮುಗಿದು ಗುಡ್ಡಕ್ಕೆ ಬರುತ್ತಾರೆ. "ಉಧೋ ಉಧೋ" ಎನ್ನುವ ಕೂಗು, ಚೌಡಿಕೆಯ ಸದ್ದು, ಮೇಲೆಲ್ಲ ಭಂಡಾರದ ಹಳದಿ ಧೂಳು. ನನ್ನ ಬಿಳಿ ಸೀರೆ ಮಧ್ಯಾಹ್ನದ ಹೊತ್ತಿಗೆ ಮದುವಣಗಿತ್ತಿಯ ಸೀರೆಯಾಗಿತ್ತು.

ಈಗಿನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕ ಕಟ್ಟಿಸಿದನೆಂದು ಹೇಳುತ್ತಾರೆ. ದರ್ಶನದ ಸಾಲು ನೋಡಿ ನಾನು ಹೊರಗಿನಿಂದಲೇ ಕೈಮುಗಿದೆ. ಕಣ್ಣು ತುಂಬ ನೋಡಿದ್ದು ಅಡಿಗೆಯನ್ನು! ಗುಡ್ಡದ ಮೇಲೆ ಎಲ್ಲಿ ನೋಡಿದರೂ ಮೂರು ಕಲ್ಲಿನ ಒಲೆ. ಹೋಳಿಗೆ, ಕಡುಬು, ವಡೆ, ಬದನೆಕಾಯಿ ಪಲ್ಲೆ, ರೊಟ್ಟಿ, ಅನ್ನ ಎಲ್ಲವನ್ನೂ ಮಾಡಿ, ಬಿದಿರಿನ ಪಡಲಿಗೆ ತುಂಬಿ, ದೇವಿಗೆ ತೋರಿಸಿ, ಜೋಗತಿಯರಿಗೆ ಬಡಿಸಿ ಆಮೇಲೆ ಮನೆಯವರ ಊಟ. ಬಯಲಲ್ಲಿ, ಗಾಳಿಗೆ, ಕಣ್ಣಿಗೆ ಹೊಗೆ ತುಂಬಿಕೊಂಡು ಹೂವಿನಂಥ ಹೋಳಿಗೆ ತಟ್ಟುವ ಆ ಹೆಂಗಸರ ಮುಂದೆ ನಮ್ಮ ಗ್ಯಾಸ್ ಒಲೆಯ ಜಂಭ ಎಲ್ಲಿಟ್ಟೀತು?

ಬ್ಯಾನಿ, ಗುಳಿಗಿ, ಸೂಜಿ

ಸರ್ಕಾರದ ತಾತ್ಕಾಲಿಕ ಚಿಕಿತ್ಸಾ ಕೇಂದ್ರ ಬೇರೆ ಇತ್ತು. ನಮ್ಮದು ಅದರ ಹೊರೆ ಇಳಿಸಲು ಹಾಕಿದ ತಗಡಿನ ಚಪ್ಪರ. ಎರಡು ಮಂಚ, ಒಂದು ಮೇಜು, ನೀರಿನ ಡ್ರಮ್ಮು. ಇಬ್ಬರು ಡಾಕ್ಟರು, ಒಬ್ಬರು ನಿವೃತ್ತ ನರ್ಸು, ನಾವು ಆರು ಜನ ಕೈಕೆಲಸದವರು. ನನ್ನ ಕೆಲಸ ಚೀಟಿ ಬರೆಯುವುದು. ಹೆಸರು, ಊರು, ವಯಸ್ಸು, ತೊಂದರೆ.

ಸುಲಭ ಅಂತೀರಾ? ಮೊದಲ ದಿನ ನನಗೆ ಅರ್ಧಕ್ಕರ್ಧ ಮಾತೇ ತಿಳಿಯಲಿಲ್ಲ. "ಹೊಟ್ಟಿಬ್ಯಾನಿ ಐತ್ರಿ ಬಾಯಾರ" ಎಂದರೆ ಹೊಟ್ಟೆನೋವು. "ತಲಿ ಸಿಡ್ಯಾಕತ್ತೈತಿ" ಎಂದರೆ ತಲೆನೋವು. "ಸಂಡಾಸ ಹತ್ತೇತಿ" ಎಂದರೆ ಭೇದಿ. "ಗುಳಿಗಿ ಬ್ಯಾಡ್ರಿ, ಸೂಜಿ ಮಾಡ್ರಿ" ಎಂದರೆ ಮಾತ್ರೆ ಸಾಲದು, ಇಂಜೆಕ್ಷನ್ನೇ ಬೇಕು. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ ಎನ್ನುವ ವಿಷಯದಲ್ಲಿ ಮಾತ್ರ ತಿಪಟೂರಿಗೂ ಸವದತ್ತಿಗೂ ಏನೂ ವ್ಯತ್ಯಾಸವಿಲ್ಲ!

ವಯಸ್ಸು ಕೇಳಿದರೆ ಇನ್ನೂ ಚೆಂದ. "ಬರೀರಿ ನಿಮಗ ತಿಳಿದಷ್ಟು" ಎಂದಳು ಒಬ್ಬ ಅಜ್ಜಿ. ಇನ್ನೊಬ್ಬಳು ಕಣ್ಣು ತೋರಿಸಲು ಬಂದವಳು, ತನ್ನ ಇನ್ನೊಂದು ಕಣ್ಣಿನ ಪೊರೆಯನ್ನು ಎಷ್ಟೋ ವರ್ಷದ ಹಿಂದೆ ಶಾಲೆಯ ಕೋಣೆಯಲ್ಲಿ ಮೋದಿ ಡಾಕ್ಟರು ತೆಗೆದರೆಂದು ಹೇಳಿದಳು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ಹೆಸರು ಹಳಬರಿಗೆ ನೆನಪಿರಬೇಕು. ಊರೂರಿಗೆ ಹೋಗಿ, ಶಾಲೆ, ಛತ್ರ ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಮಂಚ ಹಾಕಿ, ದುಡ್ಡಿಲ್ಲದೆ ಕಣ್ಣಿನ ಆಪರೇಷನ್ ಮಾಡಿದವರು. ಒಂದೇ ದಿನ 833 ಪೊರೆ ತೆಗೆದ ದಾಖಲೆ ಅವರದು. 2005ರಲ್ಲಿ ತೀರಿಕೊಂಡರು. "ಆ ಪುಣ್ಯಾತ್ಮ ಕೊಟ್ಟ ಕಣ್ಣು ಇನ್ನೂ ಐತ್ರಿ, ದೇವರು ಕೊಟ್ಟದ್ದ ಹೋತು" ಎಂದು ಅಜ್ಜಿ ನಕ್ಕಳು.

ಬಂದವರಲ್ಲಿ ಹೆಚ್ಚಿನವರು ಹೆಂಗಸರು. ಬರಿಗಾಲಲ್ಲಿ ನಡೆದು ಬೊಬ್ಬೆ ಬಂದವರು, ಒಲೆಯಲ್ಲಿ ಕೈ ಸುಟ್ಟುಕೊಂಡವರು, ಭಂಡಾರ ಕಣ್ಣಿಗೆ ಬಿದ್ದು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡ ಮಕ್ಕಳು. (ಕಣ್ಣಿಗೆ ಏನೇ ಬಿದ್ದರೂ ಉಜ್ಜಬೇಡಿ, ಧಾರಾಳವಾಗಿ ಶುದ್ಧ ನೀರು ಹಾಯಿಸಿ.) ಸಕ್ಕರೆ ಕಾಯಿಲೆಯವರು ಉಪವಾಸವೆಂದು ಗುಳಿಗೆ ಬಿಟ್ಟು, ಸಾಲಿನಲ್ಲಿ ತಲೆಸುತ್ತಿ ಬಿದ್ದಿದ್ದರು. ಭೇದಿಯ ಮಕ್ಕಳಿಗೆ ಪೊಟ್ಟಣದ ಪುಡಿ ಮುಗಿದಾಗ ನರ್ಸಮ್ಮ ನಮ್ಮ ಕೈಲಿ ನೀರು ಮಾಡಿಸಿದರು: ಕುದಿಸಿ ಆರಿಸಿದ ನೀರು ಒಂದು ಲೀಟರು, ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಮಚ, ಎಲ್ಲವೂ ತಲೆ ಸವರಿದ ಅಳತೆ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಒಂದೇ ಸಲ ಕುಡಿಸದೆ ಗುಟುಕು ಗುಟುಕಾಗಿ ಕೊಡುತ್ತಿರಬೇಕು. ಇದನ್ನು ಕತ್ತರಿಸಿ ಅಡಿಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ.

ಸೀರೆಯುಟ್ಟ ಇಬ್ಬರು ಜೋಗಪ್ಪಂದಿರು ಬಂದಾಗ, ಯಾವ ಸಾಲಿಗೆ ಕಳಿಸುವುದೆಂದು ನಾನು ಪೆನ್ನು ಹಿಡಿದು ಕೂತುಬಿಟ್ಟೆ. ನರ್ಸಮ್ಮ ತಲೆಯೆತ್ತದೆಯೇ, "ಜೋಗಮ್ಮಗೋಳು ಹೆಂಗಸರ ಸಾಲಿನ್ಯಾಗ" ಎಂದರು. ಸಾಲಿನ ಹೆಂಗಸರೂ ಸರಿದು ಜಾಗ ಕೊಟ್ಟರು.

ಜಡೆ

ಎರಡನೆಯ ದಿನ ಸಂಜೆ ಹತ್ತು-ಹನ್ನೊಂದು ವರ್ಷದ ಹುಡುಗಿಯನ್ನು ಅವಳಜ್ಜಿ ಎತ್ತಿಕೊಂಡು ಬಂದಳು. ಕಾಲಿಗೆ ಗಾಜು ಹೊಕ್ಕಿತ್ತು. ಗಾಜು ತೆಗೆದು, ತೊಳೆದು, ಸೂಜಿಯೂ ಆಯಿತು. ಹುಡುಗಿ ಅಳಲಿಲ್ಲ. ಬೆವರು ಒರೆಸೋಣವೆಂದು ತಲೆಯ ಸೆರಗು ಸರಿಸಿದೆ ನೋಡಿ, ಅಜ್ಜಿ ನನ್ನ ಕೈ ಹಿಡಿದುಬಿಟ್ಟಳು. "ಜಡಿ ಬಂದೈತ್ರಿ ಬಾಯಾರ. ಅವ್ವ ಕರದಾಳ. ಕೈ ಹಚ್ಚಬ್ಯಾಡ್ರಿ."

ನಮ್ಮ ಕಡೆ ಜಡೆ ಎಂದರೆ ಹೆಣೆದು ಹೂ ಮುಡಿಸುವ ಜಡೆ. ಇಲ್ಲಿ ಅದರ ಅರ್ಥವೇ ಬೇರೆ. ಕೂದಲು ಗಂಟುಗಟ್ಟಿ ಹಗ್ಗದಂತಾದರೆ ಎಲ್ಲಮ್ಮ ಆ ಮಗುವನ್ನು ತನ್ನವಳೆಂದು ಕರೆದಳು ಎಂದು ನಂಬುತ್ತಾರೆ. ಆಮೇಲೆ ಬಾಚುವಂತಿಲ್ಲ, ಕತ್ತರಿಸುವಂತಿಲ್ಲ. ಹಿಂದೆ ಎಷ್ಟೋ ಹುಡುಗಿಯರಿಗೆ ಇದೇ ನೆಪದಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಅಲ್ಲಿಗೆ ಅವರ ಮದುವೆ, ಶಾಲೆ, ಬದುಕು ಎಲ್ಲಾ ಮುಗಿದಂತೆ. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ಕಾಯಿದೆ ಬಂತು, ನಮ್ಮ ರಾಜ್ಯ 1982ರಲ್ಲಿ ಮತ್ತೊಂದು ಕಾಯಿದೆ ಮಾಡಿತು. ಮುತ್ತು ಕಟ್ಟುವುದೂ ಅಪರಾಧ, ಅದಕ್ಕೆ ನೆರವಾಗುವುದೂ ಅಪರಾಧ. ಗುಡ್ಡದಲ್ಲಿ ಈಗ ಅದು ಬಹಿರಂಗವಾಗಿ ನಡೆಯುವುದಿಲ್ಲ. ಆದರೆ ಜಡೆಯ ಹೆದರಿಕೆ ಕಾಯಿದೆಯ ಪುಸ್ತಕ ಓದಿ ಹೋಗುವಂಥದಲ್ಲ.

ಡಾಕ್ಟರಮ್ಮ ಮೆಲ್ಲಗೆ ಕೇಳುತ್ತ ಹೋದರು. ತಾಯಿ ಇಲ್ಲ, ತಂದೆ ಗೋವಾದಲ್ಲಿ ಗಾರೆ ಕೆಲಸ. ಹುಡುಗಿಗೆ ಹೋದ ಮಳೆಗಾಲದಲ್ಲಿ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದಳು. ತಲೆ ಬಾಚುವವರಿಲ್ಲ, ಎಣ್ಣೆ, ಧೂಳು, ಹೇನು ಸೇರಿ ಕೂದಲು ಗಂಟಾಯಿತು. ನೆರೆಯವರು ಜಡೆ ಎಂದರು, ಅಜ್ಜಿ ನಡುಗಿದಳು, ಶಾಲೆ ಬಿಡಿಸಿದಳು. ಅವಳೇನು ಕೆಟ್ಟವಳೇ? ಇರುವ ಒಂದು ಮೊಮ್ಮಗಳನ್ನು ದೇವಿಯ ಸಿಟ್ಟಿನಿಂದ ಉಳಿಸಿಕೊಳ್ಳಲು ಹೆಣಗುತ್ತಿದ್ದ ಮುದುಕಿ. ಡಾಕ್ಟರಮ್ಮ ಹೇಳಿದ್ದೆಲ್ಲ ನಿಜವಾಗಿತ್ತು, ಒಂದೂ ಅವಳ ಕಿವಿಗೆ ಹೋಗಲಿಲ್ಲ.

ನಮ್ಮ ಜೊತೆ ನೀರು ತುಂಬಿಸಲು, ಸಾಲು ನೋಡಲು ಒಬ್ಬ ನಡುವಯಸ್ಸಿನ ಹೆಂಗಸು ಇದ್ದಳು. ಅದುವರೆಗೆ ಹೆಚ್ಚು ಮಾತಾಡಿದವಳಲ್ಲ. ಆಕೆ ಬಂದು ಅಜ್ಜಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ಯವ್ವಾ, ನನ್ನ ತಲ್ಯಾಗೂ ಜಡಿ ಇತ್ತು. ನನಗ ಮುತ್ತು ಕಟ್ಟಿದ್ರು. ಆ ಜಡಿ ನನ್ನ ಎಲ್ಲಿ ತನಕಾ ಎಳಕೊಂಡ ಹೋತು ಅನ್ನೂದು ಇಷ್ಟ ಮಂದ್ಯಾಗ ಹೇಳಾಂಗಿಲ್ಲ. ಆಮ್ಯಾಲ ಕತ್ತರಿಸಿ ಒಗದೆ. ಇಪ್ಪತ್ತ ವರ್ಷಾತು. ಹುಣ್ಣಿವಿ ಹುಣ್ಣಿವಿಗೆ ಗುಡ್ಡಕ್ಕ ಬರ್ತೀನಿ. ಎಲ್ಲವ್ವ ಒಂದಿನಾನೂ ನನ್ನ ಮ್ಯಾಲ ಸಿಟ್ಟಾಗಿಲ್ಲ."

ಈ ಜಿಲ್ಲೆಯಲ್ಲಿ ಇಂಥ ಕೆಲಸವನ್ನು ಹಾಗೆ ನೊಂದವರೇ ಮುಂದೆ ನಿಂತು ನಡೆಸಿದ್ದಾರೆ. 2018ರಲ್ಲಿ ಪದ್ಮಶ್ರೀ ಪಡೆದ ಸೀತವ್ವ ಜೋಡಟ್ಟಿಯವರೂ ಚಿಕ್ಕಂದಿನಲ್ಲಿ ದೇವದಾಸಿ ಪದ್ಧತಿಗೆ ಬಲಿಯಾದವರೇ. ಹೊರಗಿನಿಂದ ಹೋಗಿ ಉಪದೇಶ ಮಾಡುವ ನಮ್ಮಂಥವರ ನೂರು ಮಾತು ಆಕೆಯ ಒಂದು ಮಾತಿಗೆ ಸಮವಲ್ಲ ಎನ್ನುವುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಅಜ್ಜಿ ತುಂಬ ಹೊತ್ತು ಸುಮ್ಮನಿದ್ದು, "ಬಿಡಸ್ರಿ. ಕತ್ತರಿ ಮಾತ್ರ ಬ್ಯಾಡ" ಎಂದಳು.

ತಿಪಟೂರಿನ ಕೊಬ್ಬರಿ ಎಣ್ಣೆ ಆಗ ಕೆಲಸಕ್ಕೆ ಬಂತು. ತಂಗಿ ಮನೆಯಿಂದ ತಂದಿದ್ದ ಬಾಟಲಿಯನ್ನೇ ಸುರಿದೆವು. ಗಂಟು ಕೂದಲಿಗೆ ಬುಡದಿಂದ ಬಾಚಣಿಗೆ ಹಾಕಬಾರದು. ಎಣ್ಣೆಯಲ್ಲಿ ಚೆನ್ನಾಗಿ ನೆನೆಸಿ, ತುದಿಯಿಂದ ಎಳೆ ಎಳೆಯಾಗಿ ಬೆರಳಲ್ಲಿ ಬಿಡಿಸುತ್ತ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಮೇಲಕ್ಕೆ ಹೋಗಬೇಕು. ನಾನು ಒಂದು ಕಡೆ, ಆಕೆ ಒಂದು ಕಡೆ. ಮೂರು ತಾಸು ಹಿಡಿಯಿತು. ಹುಡುಗಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಮುಕ್ಕಾಲು ಪಾಲು ಬಿಟ್ಟಿತು. ಕುತ್ತಿಗೆಯ ಹತ್ತಿರ ಹಿಡಿಗಾತ್ರದ ಗಂಟು ಕಲ್ಲಿನಂತೆ ಉಳಿಯಿತು. ಕತ್ತರಿಗೆ ಅಜ್ಜಿ ಒಪ್ಪಲಿಲ್ಲ. ನಾವೂ ಬಲವಂತ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಚಪ್ಪರ ತೆಗೆಯುವ ಮೊದಲೇ ಇಬ್ಬರೂ ಬಂದು ಕೂತಿದ್ದರು. ಅಜ್ಜಿಯ ಕೈಯಲ್ಲಿ ತೆಂಗಿನಕಾಯಿ, ಭಂಡಾರ. "ರಾತ್ರಿ ಗುಡಿ ಮುಂದ ಮಲಗಿದ್ದೆ. ಅವ್ವ ಏನೂ ಅನ್ನಲಿಲ್ಲ. ಕತ್ತರಸ್ರಿ. ಕೂದಲಾ ನನಗ ಕೊಡ್ರಿ" ಎಂದಳು. ಆ ಗಂಟನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ದೇವಿಗೆ ಒಪ್ಪಿಸಲು ತೆಗೆದುಕೊಂಡು ಹೋದಳು. ಹುಡುಗಿ ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಂಡು, "ತಲಿ ಹಗರಾತು" ಎಂದಳು. ಎರಡು ದಿನದಲ್ಲಿ ಅವಳು ನನ್ನೆದುರು ಆಡಿದ ಮಾತು ಅದೊಂದೇ.

ನರ್ಸಮ್ಮ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿ ಹೇಳಿದರು. ಆಕೆ ಎರಡು ಸಲ ಮನೆಗೆ ಹೋಗಿ ಬಂದಿದ್ದಾಳೆ, ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ ಎಂದು ತಂಗಿ ತಿಳಿಸಿದಳು. ಅಜ್ಜಿಯ ಪಾಡು ಮಾತ್ರ ಸುಲಭವಲ್ಲ. ಎಮ್ಮೆ ಹಾಲು ಕಡಿಮೆ ಕೊಟ್ಟರೂ "ಜಡಿ ಕತ್ತರಿಸಿದ್ದಕ್ಕ" ಎನ್ನುವವರು ಊರಲ್ಲಿದ್ದಾರಂತೆ.

ಸುತ್ತಮುತ್ತ

ಚಪ್ಪರ ಬಿಚ್ಚಿದ ಮೇಲೆ ತಂಗಿ ನನ್ನನ್ನು ಎರಡು ದಿನ ಉಳಿಸಿಕೊಂಡಳು. ನವಿಲುತೀರ್ಥ ಸವದತ್ತಿಗೆ ತೀರ ಹತ್ತಿರ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಮಲಪ್ರಭೆಗೆ ಅಣೆಕಟ್ಟು. ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಲ್ಲಿ ಬರುವುದು ಇದೇ ನೀರು. ದಂಡೆಯಲ್ಲಿ ಕೂತು ಬುತ್ತಿ ಬಿಚ್ಚಿದೆವು: ಕಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ನಮ್ಮ ಕಡೆ ಕೆಲವರು ರೊಟ್ಟಿ ಒಣಗಿದೆ ಎಂದು ಮೂಗು ಮುರಿಯುತ್ತಾರೆ. ಆ ಚಟ್ನಿಗೆ ಮೊಸರು ಕಲಸಿ ತಿಂದು ನೋಡಿ ಆಮೇಲೆ ಮಾತಾಡಲಿ.

ಸೊಗಲಕ್ಕೆ ಮಳೆಗಾಲ ಮುಗಿದ ಕೂಡಲೇ ಹೋಗಬೇಕು. ನಾವು ಹೋದಾಗ ಜಲಪಾತ ಸಣ್ಣಗೆ ಇಳಿಯುತ್ತಿತ್ತು. ಸೋಮೇಶ್ವರನ ಹಳೆಯ ಕಲ್ಲಿನ ಗುಡಿ, ಗಿಡಮರ, ತಂಪು, ಕೋತಿಗಳು. ಕೈಯಲ್ಲಿ ಬಾಳೆಹಣ್ಣು ಹಿಡಿದು ಹೋಗಬೇಡಿ.

ಕಿತ್ತೂರು ಈಗ ಬೇರೆ ತಾಲೂಕು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಇರುವುದರಿಂದ ಬೆಳಗಾವಿಗೆ ಹೋಗುವವರು ಇಳಿದು ನೋಡಬಹುದು. ಅರಮನೆ ಬಿದ್ದಿದೆ, ದಪ್ಪ ಗೋಡೆಗಳು ಉಳಿದಿವೆ. ಧ್ರುವ ನಕ್ಷತ್ರ ನೋಡಲು ಗೋಡೆಯಲ್ಲಿ ಮಾಡಿದ ಕಿಂಡಿ ಎಂದು ಒಂದನ್ನು ತೋರಿಸುತ್ತಾರೆ. ಕೋಟೆಯೊಳಗೇ ವಸ್ತುಸಂಗ್ರಹಾಲಯವಿದೆ. ಅಕ್ಟೋಬರ್ 23ರಿಂದ ಮೂರು ದಿನ ಉತ್ಸವ ನಡೆಯುತ್ತದೆ; ಕೋಟೆಯನ್ನು ನೋಡಬೇಕೆನ್ನುವವರು ಆ ದಿನ ಬಿಟ್ಟು ಹೋದರೆ ಒಳ್ಳೆಯದು, ಗದ್ದಲದಲ್ಲಿ ಗೋಡೆಯೂ ಕಾಣಿಸದು. ಚೆನ್ನಮ್ಮನ ನಂಬಿಕೆಯ ಬಂಟ ರಾಯಣ್ಣನ ಸಂಗೊಳ್ಳಿ ಬೈಲಹೊಂಗಲಕ್ಕೆ ಹತ್ತಿರ. ಅವನನ್ನು 1831ರ ಜನವರಿಯಲ್ಲಿ ಗಲ್ಲಿಗೇರಿಸಿದ್ದು ದೂರದ ನಂದಗಡದಲ್ಲಿ.

ಸವದತ್ತಿ ತಾಲೂಕಿನ ಸಿರಸಂಗಿಯಲ್ಲಿ ಕಾಳಮ್ಮನ ಗುಡಿ ನೋಡಿದೆವು. ಆ ಊರಿನ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದುಕೊಟ್ಟವರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ರಾಮದುರ್ಗಕ್ಕೆ ಹೋಗಲು ದಿನ ಸಾಲಲಿಲ್ಲ. ಸುರೇಬಾನದ ಹತ್ತಿರ ಶಬರಿ ಕೊಳ್ಳವಿದೆ, ಶಬರಿ ರಾಮನಿಗಾಗಿ ಕಾದ ಜಾಗ ಅದೇ ಎಂದು ಅಲ್ಲಿಯವರ ನಂಬಿಕೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಆ ಕಡೆಯ ಊರುಗಳಿಗೆ ನುಗ್ಗಿದ ಕಥೆಯನ್ನು, ಮನೆ ಕಳೆದುಕೊಂಡ ಒಬ್ಬಾಕೆ ನಮ್ಮ ಚಪ್ಪರದಲ್ಲೇ ಹೇಳಿದ್ದಳು.

ಗುಡ್ಡಕ್ಕೆ ಹೋಗಬೇಕೆನ್ನುವವರು ಹುಣ್ಣಿಮೆ ಬಿಟ್ಟು, ಮಂಗಳವಾರ ಶುಕ್ರವಾರವನ್ನೂ ಬಿಟ್ಟು ಹೋದರೆ ದರ್ಶನ ಸುಲಭ. ಜಾತ್ರೆಯನ್ನೇ ನೋಡಬೇಕೆಂದರೆ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಈ ಮೂರರಲ್ಲಿ ಒಂದಕ್ಕೆ ಹೋಗಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಮಕ್ಕಳ ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರಿನ ಚೀಟಿ ಇರಲಿ. ನಾಲ್ಕು ದಿನದಲ್ಲಿ ತಪ್ಪಿಸಿಕೊಂಡು ನಮ್ಮ ಚಪ್ಪರಕ್ಕೆ ಬಂದ ಮಕ್ಕಳು ಏಳು ಜನ. ಬಿ.ಪಿ., ಸಕ್ಕರೆ ಇರುವವರು ಗುಳಿಗೆಯ ಹೆಸರನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. "ಕೆಂಪು ಗುಳಿಗಿ, ಸಣ್ಣದು, ನಡುವ ಗೆರಿ ಐತಿ" ಎಂದು ಹೇಳಿದರೆ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ.